ಗುರುತಿಲ್ಲದ ಬೂಟು

ಆ ಒಂದು ವಾಕ್ಯವನ್ನು ಬರೆಯದೆ ಬಿಟ್ಟಿದ್ದರೆ ಆಗುತ್ತಿರಲಿಲ್ಲವೆ? ಯಾರು ಕೇಳಿದ್ದರು ಅದನ್ನು? ಅರ್ಜಿಯ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಸಂಘದ ಹೆಸರು, ನೋಂದಣಿ ಸಂಖ್ಯೆ, ಸದಸ್ಯರ ಪಟ್ಟಿ, ಜಾತಿ ಪ್ರಮಾಣಪತ್ರಗಳ ನಕಲು, ಇಷ್ಟಿದ್ದರೆ ಸಾಕಿತ್ತು. ತಾನೇ ಒಂದು ಹೆಚ್ಚುವರಿ ಹಾಳೆ ಲಗತ್ತಿಸಿ, ಬಿ.ಎ. ಓದಿದ ಕೈ ಇದು ಎಂದು ತೋರಿಸಿಕೊಳ್ಳುವ ಆಸೆಗೆ ಬರೆದಿದ್ದ: 'ನಮ್ಮ ಸದಸ್ಯರು ತಾವು ತಯಾರಿಸಿದ ಪ್ರತಿ ಜೊತೆಯ ಹಿಮ್ಮಡಿಯ ಒಳಭಾಗದಲ್ಲಿ ತಮ್ಮ ಗುರುತನ್ನು ಹಾಕುವುದು ತಲೆತಲಾಂತರದಿಂದ ಬಂದ ಪದ್ಧತಿ. ಇದರಿಂದ ಕೆಲಸದ ಹೊಣೆ ಯಾರದೆಂದು ಯಾವಾಗ ಬೇಕಾದರೂ ತಿಳಿಯಬಹುದು.' ಬರೆದು ಮುಗಿಸಿದಾಗ ಎರಡು ಸಲ ಓದಿಕೊಂಡು ಸಂತೋಷಪಟ್ಟಿದ್ದ. ಈಗ, ಮೂರು ವರ್ಷ ಕಳೆದ ಮೇಲೆ, ಅದೇ ವಾಕ್ಯ ಇಲಾಖೆಯ ಪತ್ರದಲ್ಲಿ ಟೈಪಾಗಿ, ಕೆಳಗೊಂದು ಕೆಂಪು ಗೀಟು ಎಳೆಸಿಕೊಂಡು ಅವನ ಕೈಗೇ ವಾಪಸು ಬಂದಿತ್ತು.

ವಸಂತ ಪತ್ರವನ್ನು ಮಡಚಿ ಜೇಬಿಗಿಟ್ಟ. ಮತ್ತೆ ತೆಗೆದ. ವಿದ್ಯಾರ್ಥಿನಿಲಯಗಳಿಂದ ಬೂಟುಗಳ ಬಗ್ಗೆ ದೂರುಗಳು ಬಂದಿರುವುದರಿಂದ, ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ತಯಾರಿಕಾ ಸ್ಥಳವನ್ನು ಖುದ್ದಾಗಿ ಪರಿಶೀಲಿಸಲಾಗುವುದು. ಕೆಳಗೆ ಹೊಸ ಅಧಿಕಾರಿ ಸುಂದರೇಶ ಅವರ ಸಹಿ. ಅವತ್ತು ಶನಿವಾರ.

ತಯಾರಿಕಾ ಸ್ಥಳ. ಆ ಮಾತಿಗೆ ನಗು ಬರಬೇಕಿತ್ತು, ಬರಲಿಲ್ಲ. ಮಂಡಿ ಮೊಹಲ್ಲಾದ ಹಿಂಬದಿಯ ಕಾಲೊನಿಯಲ್ಲಿ ಒಂದು ತಗಡಿನ ಶೆಡ್ಡು, ಯಾವುದೋ ಯೋಜನೆಯಲ್ಲಿ ಬಂದು ವರ್ಷ ತುಂಬುವ ಮೊದಲೇ ಕೆಟ್ಟು ನಿಂತ ಹೊಲಿಗೆಯಂತ್ರ, ಬಾಗಿಲ ಮೇಲೆ 'ಶ್ರೀ ಮಾದೇಶ್ವರ ಚರ್ಮ ಕುಶಲಕರ್ಮಿಗಳ ಸಹಕಾರ ಸಂಘ' ಎಂಬ ಹಲಗೆ. ಸದಸ್ಯರು ಹನ್ನೊಂದು ಮನೆಯವರು. ಅವರಲ್ಲಿ ಏಳು ಮಂದಿ ಈಗ ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ದಿನಗೂಲಿ. ಉಳಿದವರು ಬೀದಿ ಮೂಲೆಯಲ್ಲಿ ಕೊಡೆ ಕೆಳಗೆ ಕೂತು ಹರಿದದ್ದನ್ನು ಹೊಲಿಯುವವರು. ಶೆಡ್ಡಿನಲ್ಲಿ ದಿನವೂ ಕೂರುತ್ತಿದ್ದುದು ಒಬ್ಬನೇ, ವಸಂತನ ಅಪ್ಪ ಸಣ್ಣಮಾದಯ್ಯ.

ಎಲ್ಲ ಶುರುವಾದದ್ದು ತೊಂಬತ್ತೆಂಟರಲ್ಲಿ. ಹಾಸ್ಟೆಲ್ ಮಕ್ಕಳ ಬೂಟುಗಳನ್ನು ಇನ್ನು ಮುಂದೆ ಟೆಂಡರಿಲ್ಲದೆ ಚರ್ಮದ ಕೆಲಸದವರ ಸಂಘಗಳಿಂದಲೇ ಕೊಳ್ಳಬೇಕು ಎಂದು ಇಲಾಖೆ ಒಂದು ಆದೇಶ ಹೊರಡಿಸಿತು. ಆ ಸುದ್ದಿ ಕಾಲೊನಿಗೆ ತಂದವರು ಪ್ರಭುಸ್ವಾಮಿ. ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅವರದು ಪಾದರಕ್ಷೆಗಳ ಸಗಟು ಮಳಿಗೆ. ಅಲ್ಲಿಯವರೆಗೆ ಹಾಸ್ಟೆಲ್ಲುಗಳಿಗೆ ಬೂಟು ಒದಗಿಸುತ್ತಿದ್ದವರೂ ಅವರೇ. ಹಣೆ ತುಂಬ ವಿಭೂತಿ, ಮೆಲುಮಾತು, ಮಠಕ್ಕೆ ನಡೆದುಕೊಳ್ಳುವ ಮನುಷ್ಯ. ವಸಂತನ ಕೊನೆಯ ವರ್ಷದ ಪರೀಕ್ಷಾ ಶುಲ್ಕ ಕಟ್ಟಿದ್ದರು. ಅಂಗಡಿಯಲ್ಲಿ ಕಾಗದಪತ್ರ ಬರೆಯುವ ಕೆಲಸ ಕೊಟ್ಟಿದ್ದರು. ಮನೆಗೆ ಬಂದಾಗಲೆಲ್ಲ ಹೊಸ್ತಿಲಾಚೆಯೇ ನಿಂತು ಮಾತಾಡುತ್ತಿದ್ದರು. ವಸಂತನ ಅವ್ವ ಸಿದ್ದಲಿಂಗಮ್ಮ ನೀರು ತಂದರೆ, "ಈಗ ತಾನೆ ಕುಡ್ದು ಬಂದೆ ಕಣಮ್ಮ" ಎನ್ನುತ್ತಿದ್ದರು. ಪ್ರತಿ ಸಲವೂ ಅವರು ಈಗ ತಾನೆ ಕುಡಿದು ಬಂದಿರುತ್ತಿದ್ದರು.

"ನಿಮ್ ಜನಕ್ಕೆ ಒಳ್ಳೇ ಕಾಲ ಬಂತು ವಸಂತ. ಸಂಘ ಮಾಡ್ಕೊಳಿ. ಬರೆಯೋಕೆ ನೀನಿದೀಯ, ಮಾಡೋಕೆ ನಿಮ್ಮಪ್ಪ ಇದಾನೆ," ಎಂದಿದ್ದರು.

ಅಪ್ಪ ನಿಜವಾಗಿಯೂ ಮಾಡಲು ಹೊರಟಿದ್ದ. ಅಟ್ಟದ ಮೇಲಿದ್ದ ಮರದ ಅಚ್ಚುಗಳನ್ನು ಇಳಿಸಿ, ಎಣ್ಣೆ ಸವರಿ, ಬಿಸಿಲಿಗಿಟ್ಟ. ಒಂಬತ್ತು ದಿನ ಕೂತು ಮಾದರಿಯ ಜೊತೆ ಮಾಡಿದ. ಹುಡುಗರ ಅಳತೆಯ ಕಪ್ಪು ಬೂಟು, ತಳಕ್ಕೆ ಎರಡು ಪದರ ಎಮ್ಮೆ ತೊಗಲಿನ ಅಟ್ಟೆ, ಮೇಣ ಹಚ್ಚಿದ ದಾರದ ಹೊಲಿಗೆ. ಕೊನೆಗೆ ಹಿಮ್ಮಡಿಯ ಒಳಗೆ ತೊಗಲು ಕೊಯ್ಯುವ ರಂಪಿಗೆಯ ಮೊನೆಯಿಂದ ಮೂರು ಅಡ್ಡಗೆರೆ ಎಳೆದ. ಅದು ಅವನ ಗುರುತು, ಮಾದಪ್ಪನ ಹಣೆಯ ಮೂರು ಗೆರೆ. ಅವನಪ್ಪನದೂ ಅದೇ ಆಗಿತ್ತು. ತಾನು ಬುಡದಿಂದ ಮಾಡಿದ್ದಕ್ಕೆ ಮಾತ್ರ ಆ ಗುರುತು ಬೀಳುತ್ತಿತ್ತು. ರಿಪೇರಿಗೆ ಬಂದದ್ದು ರಾಜನ ಬೂಟಾದರೂ ಹಾಕುತ್ತಿರಲಿಲ್ಲ. ಚಿಕ್ಕಂದಿನಲ್ಲಿ ವಸಂತ ಯಾಕೆಂದು ಕೇಳಿದ್ದಕ್ಕೆ, "ಕೆಟ್ರೆ ಬಯ್ಯಕ್ಕೆ ಅಡ್ರೆಸ್ಸು ಬೇಕಲ್ವೇನ್ಲಾ" ಎಂದಿದ್ದ.

ಮಾದರಿ ಪಾಸಾಯಿತು. ಅದಕ್ಕೆ ಅರಗಿನ ಮುದ್ರೆ ಹಾಕಿ ಇಲಾಖೆಯ ಕಪಾಟಿನಲ್ಲಿಟ್ಟರು. ಆಮೇಲೆ ಕೊಳ್ಳುವ ಆದೇಶ ಬಂತು: ಆರು ನೂರು ಜೊತೆ, ನಲವತ್ತು ದಿನ, ಮುಂಗಡವಿಲ್ಲ, ಮಾಲು ಒಪ್ಪಿಸಿದ ಮೇಲೆ ಹಣ. ತೊಗಲಿನ ಮಂಡಿಯವರು ನಗದಿಲ್ಲದೆ ಒಂದು ತುಂಡು ಕೊಡಲಿಲ್ಲ. ಬ್ಯಾಂಕಿನವರು ಜಾಮೀನು ಕೇಳಿದರು. ಸಂಘಕ್ಕೆ ಇದ್ದದ್ದು ತಗಡಿನ ಶೆಡ್ಡು. ಇಪ್ಪತ್ತು ದಿನ ಹೀಗೆ ಕಳೆದುಹೋದ ಮೇಲೆ ಪ್ರಭುಸ್ವಾಮಿಯವರು ವಸಂತನನ್ನು ಗೋದಾಮಿಗೆ ಕರೆದರು.

"ಇದೊಂದು ಸಲ ಮಾಲು ನಾನು ಕೊಡ್ತೀನಪ್ಪ. ಆರ್ಡರ್ ಕೈ ಬಿಟ್ರೆ ಮತ್ತೆ ನಿಮ್ ಕಡೆ ತಿರುಗಿ ನೋಡಲ್ಲ ಅವರು. ಮುಂದಿನ ವರ್ಷ ನೀವೇ ಮಾಡಿ, ಯಾರು ಬೇಡ ಅಂದ್ರು?"

'ಸದರಿ ಬೂಟುಗಳನ್ನು ಸಂಘದ ಸದಸ್ಯರೇ ತಯಾರಿಸಿದ್ದಾರೆಂದು ದೃಢೀಕರಿಸಲಾಗಿದೆ.' ಆ ಹಾಳೆಗೆ ಸಂಘದ ಕಾರ್ಯದರ್ಶಿಯಾಗಿ ವಸಂತ ಸಹಿ ಹಾಕಿದ. ಗೋದಾಮಿನಲ್ಲೇ ಪ್ರತಿ ಬೂಟಿನ ತಳಕ್ಕೆ ಸಂಘದ ರಬ್ಬರು ಮೊಹರು ಬಿತ್ತು. ಮನೆಗೆ ಬಂದು ಅಪ್ಪನಿಗೆ, "ಆರ್ಡರು ಮುಂದಕ್ಕೆ ಹೋಗ್ಯದೆ" ಎಂದ. ಅಪ್ಪ ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿ ಶೆಡ್ಡಿನ ಮೂಲೆಯಲ್ಲಿಟ್ಟ. ಅಟ್ಟಕ್ಕೆ ಏರಿಸಲಿಲ್ಲ. ಮರುವರ್ಷವೂ ವಸಂತ ಸಹಿ ಹಾಕಿದ. ಒಂದು ಸಲ ಹಾಕಿದವನು ಎರಡನೆಯ ಸಲ ಹಾಕುವುದಿಲ್ಲ ಎಂದರೆ ಮೊದಲಿನದು ಏನೆಂದು ಹೇಳಬೇಕಾಗುತ್ತದೆ. ಮನೆಯಲ್ಲಿ ಮತ್ತೆ, ಆರ್ಡರು ಮುಂದಕ್ಕೆ ಹೋಗಿದೆ. ಅಪ್ಪ ಎರಡೂ ಸಲ "ಊಂ" ಅಂದಿದ್ದ, ಅಷ್ಟೆ. ಆ 'ಊಂ' ಎಂಬುದರಲ್ಲಿ ನಂಬಿಕೆ ಎಷ್ಟಿತ್ತು, ಬೇರೆ ಏನಿತ್ತು ಎಂದು ವಸಂತ ಅಳೆಯಲು ಹೋಗಲಿಲ್ಲ. ಅಳೆಯದೆ ಇರುವುದೇ ಅವನಿಗೆ ಅನುಕೂಲವಾಗಿತ್ತು.

*

ಭಾನುವಾರ ನಯನಾ ಬಂದಳು. ವಸಂತನ ಅಕ್ಕನ ಮಗಳು, ಏಳನೆಯ ಕ್ಲಾಸು. ಊರಿನಿಂದ ಬಂದು ಆ ವರ್ಷವಷ್ಟೇ ವಿಜಯನಗರದ ಹಾಸ್ಟೆಲ್ ಸೇರಿದ್ದಳು. ಬಾಗಿಲಲ್ಲೇ ಬೂಟು ಬಿಚ್ಚಿ ಎರಡನ್ನೂ ಎದೆಗವಚಿಕೊಂಡು ಶೆಡ್ಡಿಗೆ ಓಡಿದಳು.

"ತಾತ, ಇದು ನಿಮ್ ಸಂಘದ್ದೇ ಬೂಟು! ನೋಡು, ಕೆಳಗೆ ಸೀಲದೆ. ವಾರ್ಡನ್ ಮೇಡಂಗೆ ನಮ್ ತಾತನೇ ಮಾಡಿದ್ದು ಅಂದೆ. ಹಂಗಾದ್ರೆ ನಿಮ್ ತಾತನ ಹತ್ರನೇ ಹೊಲಿಸ್ಕೊಂಡು ಬಾ ಅಂದ್ರು."

ಬೂಟಿನ ಮುಂಭಾಗ ಬಾಯಿ ಬಿಟ್ಟಿತ್ತು. ವಸಂತ ಸಂಘದ ರಿಜಿಸ್ಟರು ತೆರೆದು ಕೂತಿದ್ದ. ಎದ್ದು ಹೋಗಬೇಕೆನಿಸಿತು, ಏಳಲಿಲ್ಲ. ಅಪ್ಪ ಬೂಟನ್ನು ತಿರುವಿ ಮೊಹರನ್ನು ಬೆರಳಿನಿಂದ ಸವರಿದ. ಅವನಿಗೆ ಓದು ಬಾರದು, ಆದರೆ ಬಾಗಿಲ ಮೇಲಿನ ಹಲಗೆಯಲ್ಲಿ ಅದೇ ಅಕ್ಷರಗಳನ್ನು ಮೂರು ವರ್ಷದಿಂದ ನೋಡಿದ್ದ. ಒಳಗೆ ಬೆರಳು ಹಾಕಿ ಹಿಮ್ಮಡಿ ತಡಕಿದ. ಆಮೇಲೆ ರಂಪಿಗೆ ತೆಗೆದುಕೊಂಡು, ಹಲಸಿನ ತೊಳೆ ಬಿಡಿಸುವ ಹಾಗೆ ಸಾವಕಾಶವಾಗಿ ಅಟ್ಟೆಯನ್ನು ಬಿಡಿಸಿದ. ಮೇಲೊಂದು ತೆಳು ರೆಕ್ಸಿನ್ ಪದರ. ಒಳಗೆ ರಟ್ಟು. ರಟ್ಟಿನ ಮೇಲೆ ಅಚ್ಚಾದ ಅಕ್ಷರ.

"ಇದ್ರಲ್ಲೇನೋ ಬರ್ದದೆ. ಓದ್ಲಾ."

ವಸಂತ ಬಗ್ಗಿ ನೋಡಿದ. ಯಾವುದೋ ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು. "ಇಂಗ್ಲಿಷಲ್ಲಿದೆ. ನೀರು ಸೋಕದಂಗೆ ಇಡಿ ಅಂತ."

"ಬರ್ದೋನು ಸುಳ್ಳು ಹೇಳಿಲ್ಲ ಬುಡು," ಎಂದ ಅಪ್ಪ.

ಅಷ್ಟೇ ಅವನು ಆಡಿದ ಮಾತು. ಮೂಲೆಯಲ್ಲಿ ಕಟ್ಟಿಟ್ಟಿದ್ದ ಎಮ್ಮೆ ತೊಗಲಿನ ತುಂಡು ತೆಗೆದು ನೀರಿಗೆ ಹಾಕಿದ. ಮಧ್ಯಾಹ್ನವೆಲ್ಲ ಕೂತು ಎರಡೂ ಬೂಟಿಗೆ ಹೊಸ ಅಟ್ಟೆ ಹೊಲಿದ. ಸಂಜೆ ನಯನಾ ಹಾಕಿಕೊಂಡು ಕುಣಿದಳು. "ಗುರುತು ಹಾಕು ತಾತ" ಎಂದು ಗೋಗರೆದಳು. "ಇದು ನಂದಲ್ಲ ಮಗ, ನಾನು ತಳ ಹಾಕಿದ್ದು ಅಷ್ಟೆ" ಎಂದ. ಹೇಳುವಾಗ ವಸಂತನ ಕಡೆ ನೋಡಲಿಲ್ಲ. ಬೈದಿದ್ದರೆ, ಕೈಯಲ್ಲಿದ್ದ ಅಚ್ಚನ್ನು ಎತ್ತಿ ಬೀಸಿದ್ದರೆ, ವಸಂತ ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುತ್ತಿದ್ದನೋ ಏನೋ. ಅಪ್ಪ ಕಿತ್ತ ರಟ್ಟನ್ನು ಮಡಚಿ ಒಲೆಯ ಮುಂದೆ ಹಾಕಿದ. ಅವ್ವ ಅದರಲ್ಲೇ ಒಲೆ ಹತ್ತಿಸಿದಳು.

*

ಸೋಮವಾರ ಗೋದಾಮಿನಲ್ಲಿ ಪ್ರಭುಸ್ವಾಮಿಯವರು ಇಲಾಖೆಯ ಪತ್ರವನ್ನು ಕನ್ನಡಕ ಏರಿಸಿ ಓದಿದರು.

"ಈ ಗುರುತಿನ ಕತೆ ಯಾರು ಬರೆಯಕ್ಕೆ ಹೇಳಿದ್ದು ನಿಂಗೆ?"

"ನಾನೇ ಬರ್ದೆ," ಎಂದ ವಸಂತ.

"ಓದಿದ ಹುಡುಗರ ಕೈಗೆ ಪೆನ್ನು ಕೊಟ್ರೆ ಹಿಂಗೇ. ಹೋಗ್ಲಿ. ಹೊಸಬ ಸ್ವಲ್ಪ ಬಿಗಿ ಅಂತಾರೆ, ಬಂದು ನೋಡ್ಕೊಂಡು ಹೋಗ್ಲಿ. ಬುಧವಾರ ಎರಡು ಮೂಟೆ ಬೂಟು ಅಟ್ಟೆ ಬಿಚ್ಚಿಸಿ ಕಳಿಸ್ತೀನಿ. ನಿಮ್ಮೋರು ಕೂತ್ಕೊಂಡು ಅಂಟಿಸ್ತಾ ಇರ್ಲಿ. ಆ ದಿನದ ಕೂಲಿ ನಾನು ಕೊಡ್ತೀನಿ."

"ಸ್ವಾಮ್ಯೋರೆ, ನಿಜ ಹೇಳ್ಬುಟ್ರೆ?" ಹೇಗೋ ಬಾಯಿಂದ ಬಂತು.

ಪ್ರಭುಸ್ವಾಮಿಯವರು ಸಿಟ್ಟಾಗಲಿಲ್ಲ. ಪತ್ರವನ್ನು ಮಡಚಿ ಅವನ ಜೇಬಿಗೆ ತಾವೇ ಇಟ್ಟರು. "ಹೇಳು. ನಂಗೇನಾಗುತ್ತಪ್ಪ? ನಾನು ಅಂಗಡಿ ಇಟ್ಟೋನು, ಸಂಘ ಕೇಳ್ತು, ಮಾರಿದೆ. ಬಿಲ್ಲು ಅದೆ. ನಮ್ಮೋರೇ ಮಾಡಿದ್ದು ಅಂತ ಎರಡು ಸಲ ಸಹಿ ಹಾಕಿರೋನು ನೀನು. ಸರ್ಕಾರಿ ಕೆಲಸದ ಪಟ್ಟೀಲಿ ಹೆಸರು ಬಂದದೆ ಅಂದ್ರು ನಿಮ್ಮವ್ವ. ಪೊಲೀಸ್ ವಿಚಾರಣೆ ಇನ್ನೂ ಆಗಿಲ್ಲ ಅಲ್ವಾ?"

ಆಗಿರಲಿಲ್ಲ. ದ್ವಿತೀಯ ದರ್ಜೆ ಸಹಾಯಕರ ಆಯ್ಕೆ ಪಟ್ಟಿಯಲ್ಲಿ ವಸಂತನ ಹೆಸರು ಬಂದು ಒಂದು ತಿಂಗಳಾಗಿತ್ತು. ಅವನ ಹೆಸರಿನಲ್ಲಿ ಯಾವ ಕೇಸೂ ಇಲ್ಲವೆಂದು ಠಾಣೆಯಿಂದ ವರದಿ ಹೋದರೆ ನೇಮಕಾತಿ. ಅವ್ವ ಆಗಲೇ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಪಕ್ಕದ ಮನೆಯ ಚಲುವಮ್ಮ, "ಇನ್ನು ನಿನ್ ಮಗ ಫ್ಯಾನ್ ಕೆಳಗೆ ಕೂರ್ತಾನೆ, ನಾವು ಹೊರಗೆ ಕ್ಯೂ ನಿಂತ್ಕೋಬೇಕು" ಎಂದರೆ, "ನಿಂಗೆ ಮೊದಲ್ನೇ ನಂಬರ್ ಕೊಡಿಸ್ತೀನಿ ಬುಡಮ್ಮಿ" ಎಂದು ನಗುತ್ತಿದ್ದಳು.

ಮನೆಯವರೆಗೆ ನಡೆದುಕೊಂಡೇ ಬಂದ. ಯಾವ ಕಡೆ ಯೋಚಿಸಿದರೂ ಗೋಡೆ. ನಿಜ ಹೇಳಿದರೆ ಕೇಸು. ಕೆಲಸ ಹೋಗುತ್ತದೆ, ಅವ್ವನ ನಗು ಹೋಗುತ್ತದೆ. ಹೇಳದಿದ್ದರೆ ಆ ರಟ್ಟಿನ ಬೂಟು ತಮ್ಮವರ ಕೈಕೆಲಸವೆಂದೇ ಕಡತದಲ್ಲಿ ಉಳಿಯುತ್ತದೆ. ಆದರೂ ಬುಧವಾರದ ಹೊತ್ತಿಗೆ ಅವನು ಒಂದು ಮಾತನ್ನು ಸಿದ್ಧ ಮಾಡಿಕೊಂಡಿದ್ದ. 'ಸಾರ್, ಇವು ನಾವು ಮಾಡಿದ್ದಲ್ಲ.' ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕೊಳಾಯಿ ಹತ್ತಿರ ನಿಂತು, ತುಟಿ ಅಲ್ಲಾಡಿಸದೆ ಅದನ್ನೇ ಹೇಳಿಕೊಂಡ. ಸಣ್ಣ ಮಾತು. ಒಂದು ಉಸಿರಿನಲ್ಲಿ ಮುಗಿದು ಹೋಗುವಂಥದ್ದು.

*

ಗುರುವಾರ ಬೆಳಿಗ್ಗೆ ಶೆಡ್ಡು ತುಂಬಿತ್ತು. ಹೂಟಗಳ್ಳಿಗೆ ಹೋಗುವವರೂ ರಜೆ ಹಾಕಿ ಬಂದಿದ್ದರು. ಮೂಟೆಗಳನ್ನು ಬಿಚ್ಚಿ ಬೂಟುಗಳನ್ನು ಎಲ್ಲರ ಮುಂದೂ ರಾಶಿ ಹಾಕಿದ್ದಾಯಿತು. ಒಂದೊಂದರ ತಳದಲ್ಲೂ ಸಂಘದ ಮೊಹರು. ಓದಲು ಬರುವ ಇಬ್ಬರು ಅದನ್ನು ಓದಿ ಮುಖ ಮುಖ ನೋಡಿಕೊಂಡರು. ವಸಂತನನ್ನು ಯಾರೂ ಏನೂ ಕೇಳಲಿಲ್ಲ. ಕೂಲಿ ಕೊಡುತ್ತಾರೆ ಎಂಬುದು ಎಲ್ಲರಿಗೂ ತಿಳಿದಿತ್ತು. ಕೆಲಸ ಸಿಕ್ಕಿದ ಹುಡುಗನಿಗೆ ತೊಂದರೆಯಾಗಬಾರದು ಎಂಬುದೂ ತಿಳಿದಿತ್ತು. ಅಪ್ಪನ ವಾರಿಗೆಯ ಚಿಕ್ಕಯ್ಯ ಮಾತ್ರ ಗೋಂದಿನ ಡಬ್ಬಿ ಹಿಡಿದು ಕೂತವನು ಬಾಯಿ ಕಟ್ಟಿಕೊಳ್ಳಲಾರದೆ ಹೋದ.

"ಮಾದ, ಇದೆಂಗಾಯ್ತು ಗೊತ್ತೇನ್ಲಾ? ಮದ್ವೆ ಆಗಿ ಎರಡು ಮಕ್ಳು ಹೆತ್ತೋಳಿಗೆ ಮತ್ತೆ ಹೆಣ್ಣು ನೋಡೋ ಶಾಸ್ತ್ರ ಮಾಡ್ದಂಗಾಯ್ತು."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನು ಆ ರಾಶಿಯನ್ನು ಮುಟ್ಟಿರಲಿಲ್ಲ. ತನ್ನ ಮೂಲೆಯಲ್ಲಿ, ತನ್ನ ಗೋಣಿಯ ಮೇಲೆ ಕೂತು, ಯಾರದೋ ಚಪ್ಪಲಿಯ ಉಂಗುಷ್ಟ ಹೊಲಿಯುತ್ತಿದ್ದ.

ಸುಂದರೇಶ ಅವರು ಆಟೋದಲ್ಲಿ ಬಂದರು. ಜೊತೆಗೊಬ್ಬ ಜವಾನ, ಅವನ ಕೈಯಲ್ಲೊಂದು ಬಟ್ಟೆಯ ಚೀಲ. ಮೂವತ್ತೈದು ದಾಟದ ಮನುಷ್ಯ. ಸಿದ್ದಲಿಂಗಮ್ಮ ಬಾಗಿಲಲ್ಲಿ ಹಿಂಜರಿಯುತ್ತ ನೀರಿನ ಲೋಟ ಹಿಡಿದು ನಿಂತರೆ, ಅವರು ಪೂರ್ತಿ ಕುಡಿದು, "ಇನ್ನೊಂದು ಲೋಟ ಕೊಡಿ ತಾಯಿ, ಬಿಸಿಲು" ಎಂದರು. ಅವ್ವ ಇನ್ನೊಂದು ತರಲು ಒಳಗೆ ಓಡಿದ್ದನ್ನು ವಸಂತ ನೋಡಿದ. ಯಾಕೋ ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಂದವನು ದರ್ಪದ ಮನುಷ್ಯನಾಗಿದ್ದರೆ ಸುಳ್ಳು ಸುಲಭವಾಗುತ್ತಿತ್ತು.

ಅವರು ಸುತ್ತ ನೋಡಿಕೊಂಡು ಬಂದು ಚಿಕ್ಕಯ್ಯನ ಮುಂದೆ ಕುಕ್ಕರಗಾಲಲ್ಲಿ ಕೂತರು. "ದಿನಕ್ಕೆ ಎಷ್ಟು ಜೊತೆ ಮಾಡ್ತೀರಿ?"

"ಅದು ಕೈ ಓಡ್ದಂಗೆ ಬುದ್ದಿ."

"ಬುದ್ದಿ ಅನ್ಬೇಡಿ. ಸಾರ್ ಅಂದ್ರೆ ಸಾಕು."

"ಆಗ್ಲಿ ಬುದ್ದಿ."

ಸುಂದರೇಶ ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಜವಾನನ ಚೀಲದಿಂದ ಎರಡು ಜೊತೆ ಬೂಟು ತೆಗೆದು ನೆಲದ ಮೇಲಿಟ್ಟರು. ಒಂದು ಜೊತೆಗೆ ಅರಗಿನ ಮುದ್ರೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಮೂರು ವರ್ಷ ಕಪಾಟಿನಲ್ಲಿದ್ದರೂ ಅದರ ಕಪ್ಪು ಮಾಸಿರಲಿಲ್ಲ. ಇನ್ನೊಂದು ಜೊತೆ ಬಾಯಿ ಬಿಟ್ಟು, ಒಳಗಿನ ರಟ್ಟು ನೆನೆದು ಗಂಜಿಯಾಗಿ ಒಣಗಿತ್ತು.

"ನಾನೂ ಇಂಥದೇ ಹಾಸ್ಟೆಲಲ್ಲಿ ಓದಿದೋನು," ಎಂದರು. "ನಮ್ಮ ಕಾಲದಲ್ಲಿ ಬೂಟಿರ್ಲಿಲ್ಲ. ಆಫೀಸಲ್ಲಿ ಎಲ್ರದೂ ಒಂದೇ ಮಾತು, ಈ ಜನಕ್ಕೆ ಕೊಟ್ಟು ನೋಡಿ, ಅವರ ಕೈಲಿ ಆಗಲ್ಲ ಅಂತ. ಬಂದಾಗಿಂದ ಜಗಳ ಆಡಿ ಈ ಆದೇಶ ಉಳಿಸ್ಕೊಂಡಿದೀನಿ. ಈಗ ಇದನ್ನ ನನ್ನ ಮೇಜಿನ ಮೇಲಿಟ್ಟು ನಗ್ತಾರೆ." ಮುದ್ರೆಯ ಬೂಟನ್ನು ಎತ್ತಿದರು. "ಈ ಮಾದರಿ ಮಾಡಿದವರು ಯಾರು?"

"ನಾನು," ಎಂದ ಅಪ್ಪ ಮೂಲೆಯಿಂದ.

"ಒಳಗೆ ಮೂರು ಗೆರೆ ಇದೆ. ನಿಮ್ಮ ಗುರುತಾ?"

"ಊಂ."

"ಈ ಹರಿದಿರೋದ್ರಲ್ಲಿ ಯಾರ ಗುರುತೂ ಇಲ್ಲ. ಪ್ರತಿ ಜೊತೆಗೂ ಹಾಕ್ತೀವಿ ಅಂತ ಕಾರ್ಯದರ್ಶಿಗಳೇ ಬರೆದಿದಾರೆ." ಅವರು ವಸಂತನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಹೊರಗಿಂದ ಯಾರಾದ್ರೂ ತಂದುಕೊಟ್ಟಿದ್ರೆ ಈಗ್ಲೇ ಹೇಳಿ. ಬರ್ಕೋತೀನಿ. ಕೇಸಾಗುತ್ತೆ, ಸಹಿ ಹಾಕಿದವರ ಮೇಲೂ ಆಗುತ್ತೆ, ಅದನ್ನ ಮುಚ್ಚಿಟ್ಟು ಹೇಳಲ್ಲ. ಆದ್ರೆ ಈ ಜನರ ಕೈಗೆ ಕೆಟ್ಟ ಹೆಸರು ಬರಲ್ಲ. ಹೇಳಿ, ಇವು ಯಾರು ಮಾಡಿದ್ದು?"

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಹೊರಗೆ ಯಾರೋ ಕೊಡಪಾನ ಇಳಿಸಿದರು. ವಸಂತನ ಬಾಯಲ್ಲಿ ಆ ಮಾತು ಸಿದ್ಧವಾಗಿಯೇ ಇತ್ತು. ಉಸಿರು ತೆಗೆದುಕೊಂಡ. ಬಾಗಿಲಲ್ಲಿ ಅವ್ವ ಎರಡನೆಯ ಲೋಟ ಹಿಡಿದು ನಿಂತಿದ್ದಳು, ಎರಡೂ ಕೈಯಲ್ಲಿ, ಚೆಲ್ಲಬಾರದೆಂದು. ಅವನು ಉಸಿರು ಬಿಟ್ಟ. ಮತ್ತೆ ತೆಗೆದುಕೊಂಡ.

"ಅದೂ ನಂದೇ," ಎಂದ ಅಪ್ಪ.

ಎಲ್ಲರೂ ಅತ್ತ ತಿರುಗಿದರು. ಅಪ್ಪ ಎದ್ದು ಬಂದು ಹರಿದ ಬೂಟನ್ನು ಕೈಗೆ ತೆಗೆದುಕೊಂಡ. ಆ ದಿನ ಅಂಥ ಬೂಟನ್ನು ಅವನು ಮುಟ್ಟಿದ್ದು ಅದೇ ಮೊದಲು.

"ನೀವಾ?" ಸುಂದರೇಶ ಮಾದರಿಯನ್ನೂ ಅದನ್ನೂ ನೋಡಿದರು. "ಇದನ್ನ ಮಾಡಿದ ಕೈಯೇ ಅದನ್ನೂ ಮಾಡ್ತು ಅಂತೀರಾ?"

"ವಯಸ್ಸಾಯ್ತು ಬುದ್ದಿ. ಕಣ್ಣು ಮಂಜು. ತೊಗಲು ಸಾಲ್ದೆ ಬಂತು, ಒಳಕ್ಕೆ ರಟ್ಟು ಕೊಟ್ಬುಟ್ಟೆ. ಇವ್ರೆಲ್ಲ ನಾ ಹೇಳ್ದಂಗೆ ಮಾಡಿದ್ರು."

"ಮತ್ತೆ ಗುರುತು ಯಾಕಿಲ್ಲ?"

ಅಪ್ಪ ಬೂಟಿನ ಹಿಮ್ಮಡಿಯೊಳಗೆ ಹೆಬ್ಬೆರಳು ಆಡಿಸಿದ. "ಕೆಟ್ಟ ಕೆಲ್ಸಕ್ಕೆ ಗುರುತು ಹಾಕಕ್ಕೆ ನಾಚ್ಕೆ ಆಯ್ತು."

ಚಿಕ್ಕಯ್ಯ ಏನೋ ಹೇಳಲು ಬಾಯಿ ತೆರೆದ. ಅಪ್ಪ ಅವನನ್ನು ಒಂದು ಸಲ ನೋಡಿದ. ಚಿಕ್ಕಯ್ಯ ಗೋಂದಿನ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡತೊಡಗಿದ.

ಸುಂದರೇಶ ಬಹಳ ಹೊತ್ತು ಅಪ್ಪನ ಕೈಗಳನ್ನೇ ನೋಡಿದರು. ಆಮೇಲೆ ವಸಂತನನ್ನು ಕೇಳಿದರು. "ಹೌದೇನ್ರೀ?"

ವಸಂತ ತಲೆ ತಗ್ಗಿಸಿದ. ಅದು ಹೌದೆಂದಂತೆಯೂ ಇತ್ತು, ಬರೀ ತಗ್ಗಿಸಿದಂತೆಯೂ ಇತ್ತು. ಅಧಿಕಾರಿಗೆ ಅಷ್ಟು ಸಾಕಾಯಿತು, ಅಥವಾ ಅಷ್ಟಕ್ಕೇ ಬಿಟ್ಟುಬಿಟ್ಟರು. ಹೇಳಿಕೆ ಬರೆದುಕೊಂಡರು. ಹೆಬ್ಬೆಟ್ಟಿಗೆ ಮಸಿಯ ಪ್ಯಾಡು ನೋಡಿದರೆ ಜವಾನ ಮರೆತು ಬಂದಿದ್ದ. ಅಪ್ಪ ಪೆನ್ನನ್ನು ರಂಪಿಗೆ ಹಿಡಿಯುವ ಹಾಗೆ ಹಿಡಿದು, ಹಾಳೆಯ ಕೆಳಗೆ ಮೂರು ಅಡ್ಡಗೆರೆ ಎಳೆದ.

ಎದ್ದು ಹೋಗುವಾಗ ಸುಂದರೇಶ ಮಾದರಿಯ ಜೊತೆಯನ್ನು ಅಪ್ಪನ ಗೋಣಿಯ ಪಕ್ಕದಲ್ಲಿಟ್ಟರು. "ಇದು ನಿಮ್ಮದು. ಇಟ್ಕೊಳ್ಳಿ," ಎಂದಷ್ಟೇ ಹೇಳಿದರು. ಎರಡನೆಯ ಲೋಟದ ನೀರು ಹಾಗೇ ಉಳಿಯಿತು.

*

ಇಲಾಖೆಯ ಆದೇಶ ತಿಂಗಳೊಳಗೆ ಬಂತು. 'ಸದರಿ ಸಂಘದ ಸದಸ್ಯರಲ್ಲಿ ಅಗತ್ಯ ಕೌಶಲ್ಯ ಇಲ್ಲದಿರುವುದು ಪರಿಶೀಲನೆಯಿಂದ ಹಾಗೂ ಅವರದೇ ಹೇಳಿಕೆಯಿಂದ ದೃಢಪಟ್ಟಿರುವುದರಿಂದ, ಇನ್ನು ಮುಂದೆ ಬೂಟುಗಳನ್ನು ಬಹಿರಂಗ ಟೆಂಡರ್ ಮೂಲಕ ಖರೀದಿಸತಕ್ಕದ್ದು.' ಅಪ್ಪ ಉಳಿಗೆ ಸಾಣೆ ಹಿಡಿಯುತ್ತಿದ್ದ.

"ಏನ್ ಬರ್ದವ್ರೆ?"

ವಸಂತ ಹಾಳೆಯನ್ನು ಮಡಚಿದ. "ಆರ್ಡರು ಮುಂದಕ್ಕೆ ಹೋಗ್ಯದೆ ಅಂತ."

"ಊಂ," ಎಂದ ಅಪ್ಪ.

ಆ ವರ್ಷ ಟೆಂಡರು ಪ್ರಭುಸ್ವಾಮಿಯವರ ಭಾವಮೈದುನನ ಹೆಸರಿಗೆ ಆಯಿತು. ಪೊಲೀಸ್ ವರದಿ ಚೊಕ್ಕವಾಗಿ ಹೋಗಿ ವಸಂತನಿಗೆ ಬೇರೊಂದು ಕಚೇರಿಯ ಖರೀದಿ ಶಾಖೆಯಲ್ಲಿ ಕೆಲಸವಾಯಿತು. ಕಾಲೊನಿಯಲ್ಲಿ ಒಳಗಿನವರು ಯಾರೂ ಪಿಟ್ಟೆನ್ನಲಿಲ್ಲ. ಹೊರಗೆ ಮಾತ್ರ ಸುದ್ದಿ ಹಬ್ಬಿತು. ಮಾರ್ಕೆಟ್ಟಿನಲ್ಲಿ ಯಾರೋ, "ಓ, ರಟ್ಟಿನ ಮಾದಯ್ಯನಾ?" ಎಂದದ್ದನ್ನು ಅವ್ವ ಕೇಳಿಸಿಕೊಂಡು ಬಂದು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಅಳತೆ ಕೊಟ್ಟು ಹೊಸ ಜೋಡು ಮಾಡಿಸುತ್ತಿದ್ದ ನಾಲ್ಕಾರು ಹಳೆಯ ಗಿರಾಕಿಗಳೂ ನಿಂತುಹೋದರು. ಅಪ್ಪ ರಿಪೇರಿ ಮಾತ್ರ ಮಾಡಿದ. ರಿಪೇರಿಗೆ ಗುರುತಿನ ಅಗತ್ಯವಿರಲಿಲ್ಲ. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ತೀರಿಕೊಂಡ. ಮಾದರಿಯ ಜೊತೆ ಅದೇ ಅರಗಿನ ಚೀಟಿಯೊಂದಿಗೆ ಈಗಲೂ ವಸಂತನ ಟ್ರಂಕಿನಲ್ಲಿದೆ.

ಅಪ್ಪ ಹೋಗಿ ಎರಡು ವರ್ಷ ಕಳೆದ ಮೇಲೆ ಹೂಟಗಳ್ಳಿಯ ಮಾದೇವಮ್ಮ ಎಂಬಾಕೆ ಹತ್ತು ಹೆಂಗಸರ ಗುಂಪಿನ ಪರವಾಗಿ ಒಂದು ಅರ್ಜಿ ಹಿಡಿದು ವಸಂತನ ಮೇಜಿನ ಮುಂದೆ ನಿಂತಳು. ಶಾಲೆಗಳ ಸಮವಸ್ತ್ರ ಹೊಲಿಯುವ ಕೆಲಸವನ್ನು ತಮಗೆ ಕೊಡಬೇಕೆಂದು ಅರ್ಜಿ. ಚೀಲದಲ್ಲಿ ಮಾದರಿಯ ಒಂದು ಅಂಗಿಯೂ ಇತ್ತು. ಕಾಲರಿನ ಒಳಗೆ ಹೊಲಿದವಳು ನೀಲಿ ದಾರದಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕಿದ್ದಳು.

"ಟಿಪ್ಪಣಿ ಹಾಕಿ ಕಳಿಸಿ ವಸಂತ್," ಎಂದರು ಪಕ್ಕದ ಮೇಜಿನ ಮೇಲ್ವಿಚಾರಕ ಮಹದೇವಪ್ರಸಾದ್. "ಹಿಂದೆ ಆ ಹಾಸ್ಟೆಲ್ ಬೂಟಿನ ಪ್ರಕರಣ ಆಗಿತ್ತಲ್ರೀ, ಅದರ ಸುತ್ತೋಲೆ ನಮ್ಮ ಫೈಲಲ್ಲೂ ಇದೆ. ಅದನ್ನೇ ಉಲ್ಲೇಖ ಮಾಡಿ. ಇಂಥವಕ್ಕೆಲ್ಲ ಅದೇ ಆಧಾರ. ಪಾಪ, ಆಸೆ ಇರುತ್ತೆ, ಕೈಲಿ ಕೆಲಸ ಇರಲ್ಲ."

ಮಾದೇವಮ್ಮ ಒಮ್ಮೆ ಅವರ ಮುಖ, ಒಮ್ಮೆ ವಸಂತನ ಮುಖ ನೋಡುತ್ತಿದ್ದಳು. "ಆಯ್ತದಾ ಸಾರ್?" ಎಂದಳು.

"ತಿಳಿಸ್ತೀವಿ," ಎಂದ ವಸಂತ.

ಅವಳು ಹೋದ ಮೇಲೆ ಕಡತ ಬಿಚ್ಚಿ ಸುತ್ತೋಲೆ ಹುಡುಕಿದ. ಅದರ ಜೊತೆಗೆ ಹೇಳಿಕೆಯ ನಕಲೂ ಇತ್ತು. ಜೆರಾಕ್ಸಿನಲ್ಲಿ ಮೂರು ಗೆರೆಗಳು ಮಸುಕಾಗಿದ್ದವು, ಆದರೂ ಎಣಿಸಬಹುದಿತ್ತು. ಪೆನ್ನು ತೆಗೆದು, ದಿನಾಂಕ ಹಾಕಿ, 'ಅಗತ್ಯ ಕೌಶಲ್ಯ ಇಲ್ಲದಿರುವುದು ಪರಿಶೀಲನೆಯಿಂದ ಹಾಗೂ ಅವರದೇ ಹೇಳಿಕೆಯಿಂದ ದೃಢಪಟ್ಟಿರುವುದರಿಂದ' ಎಂಬ ಸಾಲನ್ನು ಒಂದಕ್ಷರ ತಪ್ಪದಂತೆ ಇಳಿಸಿದ. ಓದಿ ನೋಡಿದ. ಕೆಳಗೆ ಸಹಿ ಹಾಕಿದ.

ಆ ಬೂಟು ತನ್ನ ಅಪ್ಪ ಮಾಡಿದ್ದಲ್ಲ ಎಂದು ವಸಂತ ಅವತ್ತು ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.